ದಾರಿ ಬಿಟ್ಟ ನೌಕೆಗೆ ನೋಟಿಸು

ಸೌರಮಂಡಲದಾಚೆ ಸಾಗುತ್ತಿದ್ದ ನೌಕೆ ಲೆಕ್ಕ ಹಾಕಿಟ್ಟ ದಾರಿಯಿಂದ ಕೂದಲೆಳೆಯಷ್ಟು ಸರಿಯತೊಡಗಿ ಆರು ವರ್ಷವಾಗಿತ್ತು. ಕಾರಣ ಹುಡುಕುತ್ತಲೇ ವಿಜ್ಞಾನಿಯ ತಲೆ ನರೆತಿತ್ತು. ಭೌತಶಾಸ್ತ್ರವನ್ನೇ ತಿದ್ದಬೇಕಾದೀತೆಂದು ಆಕೆ ಬರೆದ ಪ್ರಬಂಧ ಅಚ್ಚಿಗೆ ಹೋಗಲು ಆಡಳಿತಾಧಿಕಾರಿಯ ಸಹಿಯೊಂದು ಬಾಕಿಯಿತ್ತು.

ಅಧಿಕಾರಿ ಕನ್ನಡಕ ಏರಿಸಿಕೊಂಡರು. "ಮಂಜೂರಾದ ರೂಟ್ ಬಿಟ್ಟು ಹೋಗಿದೆ ಅಂತ ಬರ್ದಿದೀರಿ. ಯಾರನ್ನ ಕೇಳಿ ಹೋಯ್ತು ಮೇಡಂ?"

"ಅದು ಆಫೀಸಿನ ಜೀಪಲ್ಲ ಸರ್. ಯಾಕೆ ಹೋಯ್ತು ಅಂತ ಜಗತ್ತಲ್ಲಿ ಯಾರಿಗೂ ಗೊತ್ತಿಲ್ಲ."

"ಅದನ್ನೇ ಕೇಳಿದೀರಾ?"

"ಯಾರನ್ನ ಸರ್?"

"ನೌಕೆನ. ಶೋಕಾಸ್ ನೋಟಿಸ್ ಕೊಡದೆ ಈ ಫೈಲ್ ಮುಂದೆ ಹೋಗಲ್ಲ."

ವಾದ ಮಾಡಿ ಫಲವಿಲ್ಲವೆಂದು ಆಕೆಗೆ ಗೊತ್ತಿತ್ತು. 'ಏಳು ದಿನದೊಳಗೆ ಸಮಜಾಯಿಷಿ ನೀಡದಿದ್ದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು' ಎಂಬ ನೋಟಿಸನ್ನು ಹಲ್ಲು ಕಚ್ಚಿಕೊಂಡೇ ಆಂಟೆನಾದಿಂದ ಕಳಿಸಿದಳು. ಅದು ನೌಕೆಯನ್ನು ಮುಟ್ಟಲು ಹನ್ನೆರಡು ಗಂಟೆ ಬೇಕು, ಅಲ್ಲಿಂದ ಸಂಕೇತ ಬರಲು ಮತ್ತೆ ಹನ್ನೆರಡು ಗಂಟೆ.

ಮರುದಿನ ಅದೇ ಹೊತ್ತಿಗೆ ಆಕೆ ಪರದೆ ನೋಡಿದಳು. ಆರು ವರ್ಷದಲ್ಲಿ ಮೊದಲ ಸಲ ನೌಕೆ, ಕೂದಲೆಳೆಯಷ್ಟೂ ಆಚೀಚೆಯಾಗದೆ, ಮಂಜೂರಾದ ರೂಟಿನಲ್ಲೇ ಹೋಗುತ್ತಿತ್ತು.