ಶಾಸನದ ಆರನೇ ಸಾಲು

ಪ್ರೊಫೆಸರರ ಡಾಕ್ಟರೇಟು, ಪುಸ್ತಕ, ಇತಿಹಾಸ ವಿಭಾಗದ ಹುದ್ದೆ, ಎಲ್ಲವೂ ಒಂದು ಶಾಸನದ ಆರನೇ ಸಾಲಿನ ಮೇಲೆ ನಿಂತಿದ್ದವು. ಅವರು ಆ ಸಾಲನ್ನು ತಪ್ಪಾಗಿ ಓದಿದ್ದಾರೆಂದು ಈಗ ಯಾರೋ ಸಂಶೋಧಕಿ ಬರೆದಿದ್ದಳು. ಅಂದು ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ ತೆಗೆದಿದ್ದ ಅಕ್ಷರಗಳ ಅಚ್ಚನ್ನು ಗೆದ್ದಲು ತಿಂದಿತ್ತು. ನಿವೃತ್ತಿಗೆ ಒಂದೇ ತಿಂಗಳು ಉಳಿದಿತ್ತು. ಕಲ್ಲನ್ನೇ ಇನ್ನೊಮ್ಮೆ ನೋಡಿಬಿಡೋಣವೆಂದು ಮೂವತ್ತು ವರ್ಷಗಳ ಮೇಲೆ ಅದಿದ್ದ ಊರಿಗೆ ಹೋದರು.

ಬೇಲಿಯಲ್ಲಿ ಬಿದ್ದಿದ್ದ ಕಲ್ಲಿಗೆ ಗುಡಿ ಎದ್ದಿತ್ತು. ಎಣ್ಣೆ ಕುಂಕುಮ ಮೆತ್ತಿದ ಅದರ ಮೈಯಲ್ಲಿ ಒಂದಕ್ಷರವೂ ಕಾಣಲಿಲ್ಲ.

"ಒಂದ್ಸಲ ತೊಳೆದು ನೋಡ್ತೀನಪ್ಪಾ, ಇದರಲ್ಲಿ ಬರಹ ಇದೆ" ಎಂದು ಪೂಜಾರಿಯನ್ನು ಅಂಗಲಾಚಿದರು.

"ಬರಹ ಎಲ್ಲುಳಿದದೆ ಸ್ವಾಮಿ? ವಾರಕ್ಕೊಂದ್ಸಲ ಇಟ್ಟಿಗೆ ಪುಡಿ ಹಾಕಿ ತಿಕ್ತೀವಲ್ಲ, ಎಲ್ಲಾ ಸವೆದೋಯ್ತು. ದೂರ ನಿಂತ್ಕೊಳ್ಳಿ, ಮುಟ್ಟಬ್ಯಾಡಿ."

ಪ್ರೊಫೆಸರರು ಇನ್ನೊಂದು ಹೆಜ್ಜೆ ಮುಂದೆ ಬಂದರು. "ಅಯ್ಯೋ, ಇದು ದೇವರಲ್ಲಪ್ಪಾ, ಶಾಸನ! ದೇವರು ಅಂತ ನಿಮಗೆ ಹೇಳಿದೋರು ಯಾರು?"

"ಹೇಳೋದೇನು, ನಮ್ಮಪ್ಪ ಕಣ್ಣಾರೆ ಕಂಡಿದ್ದ" ಎಂದ ಪೂಜಾರಿ ದೀಪಕ್ಕೆ ಎಣ್ಣೆ ಹಾಕುತ್ತಾ. "ಪ್ಯಾಟೆಯಿಂದ ಯಾರೋ ಪುಣ್ಯಾತ್ಮರು ಬಂದು, ಮೂರು ದಿನ ಊಟ ಬಿಟ್ಟು, ಇದರ ಮೈ ತೊಳೆದು, ಬಿಳೀದೇನೋ ಹೊದಿಸಿ, ಮಂಡಿಯೂರಿ ಮಂತ್ರ ಹೇಳ್ತಾ ಕೂತಿದ್ರಂತೆ. ಈ ದೇವರು ಒಲಿದಿದ್ದಕ್ಕೇ ಅವರು ಮುಂದೆ ಯೂನಿವರ್ಸಿಟೀಲಿ ಪ್ರೊಫೆಸರ್ ಆದ್ರಂತೆ ಸ್ವಾಮಿ."