ಪಶ್ಚಿಮದ ಗಾಳಿ

ವಿಮಾನದಿಂದ ಕೆಳಗೆ ಬಿಟ್ಟರೆ ಪುಟ್ಟ ಪ್ಯಾರಾಚೂಟಿನಲ್ಲಿ ಇಳಿಯುತ್ತ ಗಾಳಿಯ ವೇಗವನ್ನು ರೇಡಿಯೋದಲ್ಲಿ ತಿಳಿಸುವ ಉಪಕರಣವೊಂದನ್ನು ಶಾಂಭವಿ ಆರು ವರ್ಷ ಶ್ರಮಪಟ್ಟು ಮಾಡಿದ್ದಳು. ಅದರ ಮೊದಲ ಪರೀಕ್ಷೆಗೆಂದೇ ಆ ದಿನ ಅವಳೂ ಪೈಲಟ್ ಮಾದಯ್ಯನವರೂ ಚಂಡಮಾರುತದ ಕಣ್ಣಿನೊಳಗೆ ಬಂದಿದ್ದರು. ಒಳಗೆ ನುಗ್ಗುವಾಗ ಒಂದು ಎಂಜಿನ್ ನಿಂತುಹೋಯಿತು. ಈಗ ಸುತ್ತಲೂ ಮೋಡದ ಗೋಡೆ. ನಡುವಿನ ಶಾಂತ ಆಕಾಶದಲ್ಲಿ ವಿಮಾನ ಸುತ್ತುತ್ತಲೇ ಇತ್ತು.

"ಎಷ್ಟು ಹೊತ್ತು ಹೀಗೇ ಸುತ್ತೋದು, ಕ್ಯಾಪ್ಟನ್?"

"ಇಂಧನ ಇನ್ನು ನಲವತ್ತು ನಿಮಿಷಕ್ಕಾಗೋಷ್ಟೇ ಇದೆ ಮೇಡಂ," ಎಂದರು ಮಾದಯ್ಯ. "ಯಾವ ಕಡೆ ಗಾಳಿ ಕಡಿಮೆ ಇದೆ ಹೇಳಿ, ಆ ಕಡೆ ನುಗ್ತೀನಿ. ಸುಮ್ನೆ ನುಗ್ಗೋಕೆ ಕೈ ಏಳ್ತಿಲ್ಲ."

ಗೋಡೆಯಂಚಿನಲ್ಲಿ ಅವಳು ಒಂದೊಂದಾಗಿ ಉಪಕರಣಗಳನ್ನು ಬಿಟ್ಟಳು. ಪೂರ್ವ, ಉತ್ತರ, ದಕ್ಷಿಣ, ಎಲ್ಲ ಕಡೆಯೂ ಗಂಟೆಗೆ ಇನ್ನೂರು ಕಿಲೋಮೀಟರ್ ಮೀರಿತ್ತು. ಉಳಿದಿದ್ದು ಒಂದೇ. ಅದನ್ನು ಪಶ್ಚಿಮಕ್ಕೆ ಬಿಟ್ಟಳು.

"ಎಷ್ಟು ಬಂತು?"

ಪರದೆಯ ಮೇಲೆ ಇನ್ನೂರ ಹತ್ತು ಎಂದಿತ್ತು. ಇಲ್ಲೇ ಸುತ್ತುತ್ತಿದ್ದರೆ ಸಮುದ್ರಕ್ಕೆ ಬೀಳುವುದೇ ಖಚಿತ. ಶಾಂಭವಿ ಪರದೆಯಿಂದ ಕಣ್ಣು ತೆಗೆದಳು.

"ನೂರ ಇಪ್ಪತ್ತು. ಹೋಗಿ ಸಾರ್!"

ಕಾಲು ಗಂಟೆ ವಿಮಾನ ಮೈಯೆಲ್ಲ ನಡುಗಿ ಒದ್ದಾಡಿತು. ಆಮೇಲೆ ಬಿಸಿಲು ಕಂಡಿತು.

ನೆಲಕ್ಕಿಳಿದ ಮೇಲೆ ಅವಳು ಅಳುತ್ತ ಹೇಳಿದಳು, "ಸುಳ್ಳು ಹೇಳ್ಬಿಟ್ಟೆ ಸಾರ್. ಪಶ್ಚಿಮದಲ್ಲೂ ಇನ್ನೂರ ಹತ್ತೇ ಇತ್ತು."

ಮಾದಯ್ಯ ಹೆಡ್‌ಫೋನ್ ಕಳಚಿಟ್ಟರು.

"ನನ್ನ ಪರದೆಗೂ ಅದೇ ಬಂದಿತ್ತು ಮೇಡಂ. ಯಾರಾದ್ರೂ ಒಬ್ರು 'ಹೋಗಿ' ಅನ್ಬೇಕಿತ್ತು, ಅಷ್ಟೇ."