ಕೈ ಜೋಮು ಹಿಡಿಯುತ್ತಂತೆ

ಮೇಷ್ಟ್ರು ಮತ್ತೆ ಬಂದರು! ಗ್ಯಾರೇಜಿನ ಒಡತಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ನೋಡಿದಳು. ಎಂದಿನಂತೆ ಎಂಜಿನ್ ಆರಿಸಿ, ಬೈಕನ್ನು ಬೀದಿಯ ತಿರುವಿನಿಂದ ತಳ್ಳಿಕೊಂಡೇ ಬರುತ್ತಿದ್ದರು. ಓಣಿಯಲ್ಲಿ ಸದ್ದು ಮಾಡಬಾರದೆನ್ನುವ ಮರ್ಯಾದಸ್ಥ ಮನುಷ್ಯ. ಮುಖ ಮಾತ್ರ ಹರಳೆಣ್ಣೆ ಕುಡಿದವರ ಹಾಗಿತ್ತು.

ಇದು ಮೂರನೆಯ ಸಲ. ಅವಳು ಕೈಯಿಟ್ಟ ಬೇರೆ ಯಾವ ಗಾಡಿಯೂ ಹಳೆಯ ದೂರನ್ನೇ ಹೊತ್ತು ವಾಪಸು ಬಂದದ್ದಿಲ್ಲ. ಹೆಂಗಸು ಮೆಕ್ಯಾನಿಕ್ಕೇ ಎಂದು ಮೂಗು ಮುರಿದವರೆಲ್ಲ ಈಗ ಅವಳ ಬಾಗಿಲಲ್ಲೇ ಸಾಲುಗಟ್ಟುತ್ತಿದ್ದರು. ಅಂಥದ್ದರಲ್ಲಿ ಊರಿಗೆಲ್ಲ ಕಾರು ಕಲಿಸುವ ಡ್ರೈವಿಂಗ್ ಸ್ಕೂಲ್ ಮೇಷ್ಟ್ರೇ ಸರಿಹೋಗಲಿಲ್ಲ ಎಂದು ಬಾಯಿಬಿಟ್ಟರೆ ಮುಗಿಯಿತು, ಕಟ್ಟಿಕೊಂಡ ಹೆಸರು ಮಣ್ಣುಪಾಲು.

"ಏನ್ ಸಾರ್, ಇನ್ನೂ ಕಮ್ಮಿ ಆಗಿಲ್ವಾ?"

"ಕಮ್ಮಿಯಾ? ಜಾಸ್ತೀನೇ ಆಗಿದೆಯಮ್ಮ. ಕೈ ಜೋಮು ಹಿಡಿಯುತ್ತಂತೆ. ಬೆನ್ನು ಸೆಟೆದುಕೊಳ್ಳುತ್ತಂತೆ. ತಿರುವಿನಲ್ಲಂತೂ ಗಾಡಿ ಎಮ್ಮೆ ಹಾಗೆ ಮೊಂಡಾಟ ಮಾಡುತ್ತಂತೆ."

ತಮ್ಮ ಮೈನೋವನ್ನೂ ಪಕ್ಕದ ಮನೆಯ ಸುದ್ದಿಯಂತೆ ಹೇಳುವುದು ಮೇಷ್ಟ್ರ ಚಾಳಿ. ಪಾಠ ಮಾಡಿ ಮಾಡಿ ಅಂಟಿಕೊಂಡದ್ದಿರಬೇಕು.

ಅವಳೇನು ಕಡಿಮೆ ಪಾಡುಪಟ್ಟಿರಲಿಲ್ಲ. ಮೇಷ್ಟ್ರು ಆರಡಿ ಆಳು, ಕೈಕಾಲು ಉದ್ದುದ್ದ. ಮೊದಲ ಸಲ ಅವರನ್ನು ಸೀಟಿನ ಮೇಲೆ ಕೂರಿಸಿ, ಮೊಣಕೈ ಎಷ್ಟು ಮಡಚುತ್ತದೆಂದು ನೋಡಿ, ಹ್ಯಾಂಡಲನ್ನು ಮುಂದಕ್ಕೆ ವಾಲಿಸಿದ್ದಳು. ಎರಡನೆಯ ಸಲ ಮಂಡಿ ಮುದುಡದಿರಲೆಂದು ಸೀಟಿಗೆ ದಪ್ಪ ಸ್ಪಂಜು ತುಂಬಿ ಎತ್ತರಿಸಿದ್ದಳು. "ಆಹಾ, ಸಿಂಹಾಸನ!" ಎಂದು ಮೆಚ್ಚಿಕೊಂಡೇ ಹೋಗಿದ್ದರು. ಮನೆ ಮುಟ್ಟಿದ ಮೇಲೆ ಮತ್ತದೇ ರಾಗ.

ಟೈರಿನ ಗಾಳಿ ನೋಡಿದಳು. ಸರಿಯಿತ್ತು. ಬ್ರೇಕು, ಗೇರು, ಎಲ್ಲವೂ ಬೆಣ್ಣೆಯ ಹಾಗಿತ್ತು. ಹಿಂದಿನ ಸೀಟಿನ ಹಿಡಿಕೆಯ ಬಣ್ಣವಷ್ಟೇ ಸವೆದುಹೋಗಿತ್ತು. ಅದಕ್ಕೂ ಜೋಮಿಗೂ ಎತ್ತಣ ಸಂಬಂಧ?

"ಮನೇಲಿ ದೊಡ್ಡ ರಂಪ ಆಗಿದೆ," ಮೇಷ್ಟ್ರು ದನಿ ತಗ್ಗಿಸಿದರು. "ಈ ಸಲಾನೂ ಸರಿಹೋಗದಿದ್ರೆ ಗಾಡಿ ಮಾರಿಬಿಡೋಣ ಅಂತಿದಾಳೆ ನಮ್ಮವಳು. ಆಮೇಲೆ ನನಗೆ ಬಸ್ಸೇ ಗತಿ."

ಒಡತಿಗೆ ರೇಗಿತು. ಗಾಡಿ ಓಡಿಸುವವರ ಕಷ್ಟ ಹಿಂದೆ ಆರಾಮಾಗಿ ಕೂರುವವರಿಗೇನು ಗೊತ್ತು!

"ನಿಂತ ಗಾಡಿ ನೋಡಿ ಸಾಕಾಯ್ತು ಸಾರ್. ಓಡೋವಾಗ ನೋಡ್ಬೇಕು. ನೀವು ಓಡಿಸಿ, ನಾನು ಹಿಂದೆ ಕೂರ್ತೀನಿ." ಹೆಲ್ಮೆಟ್ ಹಾಕಿಕೊಂಡು ಹಿಂದಿನ ಸೀಟಿನ ಮೇಲೆ ಕೈಯಿಟ್ಟೂ ಬಿಟ್ಟಳು.

ಮೇಷ್ಟ್ರ ಮುಖದ ಬಣ್ಣ ಇಳಿಯಿತು.

"ನಾನಾ? ಈಗ್ಲೇನಾ?"

ಕೆಮ್ಮಿದರು. ಕನ್ನಡಕ ಒರೆಸಿದರು. ಕೊನೆಗೆ ಬೇರೆ ದಾರಿ ಕಾಣದೆ ಬೀದಿಯ ತಿರುವಿನತ್ತ ನೋಡಿ, "ಲೇ, ಇಲ್ಲಿ ಬಾರೇ," ಎಂದು ಕೂಗಿದರು.

ತಿರುವಿನ ಅಂಗಡಿಯ ನೆರಳಿನಿಂದ ಮೇಷ್ಟ್ರ ಹೆಂಡತಿ ಬಂದರು. ಗಂಡನ ಭುಜಕ್ಕೂ ಮುಟ್ಟದ ಆಳು. ಸರಸರನೆ ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಗೋಡೆ ಹತ್ತುವವರಂತೆ ಮುಂದಿನ ಸೀಟು ಹತ್ತಿ, ತುದಿಗಾಲಲ್ಲಿ ನೆಲ ತಡಕಾಡುತ್ತ, ದೂರದ ಹ್ಯಾಂಡಲಿಗೆ ಕೈ ಚಾಚಿದರು. ಆಮೇಲೆ ಒಡತಿಯ ಕಡೆ ತಿರುಗಿ ನಕ್ಕರು.

"ನಾಲ್ಕು ಚಕ್ರ ಇಲ್ಲದ್ದನ್ನ ಇವರು ಓಡಿಸಲ್ಲ ಕಣಮ್ಮ. ಹಿಂದಿನ ಸೀಟು ಇವರದು, ನೀನು ಕೂತ್ರೆ ಪಾಪ ನಡ್ಕೊಂಡೇ ಬರ್ಬೇಕಾಗುತ್ತೆ."